ನಡೆದವನೆಲ್ಲ ಯಾತ್ರಿಕನೆ?

'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸುತ್ತಿದವನಿಗೂ ಓದಿದವನಿಗೂ ತಿಳಿವಳಿಕೆ ಬೆಳೆಯುವುದೆಂಬುದು ಅದರ ಇಂಗಿತ. ಆದರೆ ಸುತ್ತುವುದರಲ್ಲಿಯೂ ಬಗೆಗಳುಂಟು. ವ್ಯಾಪಾರಕ್ಕಾಗಿ ಸುತ್ತುವವನು, ವಿನೋದಕ್ಕಾಗಿ ಸುತ್ತುವವನು, ಹೊಟ್ಟೆಯ ಪಾಡಿಗಾಗಿ ಸುತ್ತುವವನು, ಪುಣ್ಯಕ್ಕಾಗಿ ಸುತ್ತುವವನು, ಹೀಗೆ ಅನೇಕರು. ಕಾಲು ಸವೆಸುವಷ್ಟರ ಮಟ್ಟಿಗೆ ಇವರೆಲ್ಲರೂ ಸಮಾನರೇ ಸರಿ. ಹೀಗಿರಲು ಇವರಲ್ಲೊಬ್ಬನು ಇನ್ನೊಬ್ಬನ ದಾರಿಯನ್ನು ಹಿಡಿದು ನಡೆದರೆ ಅವನ ನಡಿಗೆಗೆ ಯಾವ ಹೆಸರು ಸಲ್ಲಬೇಕು? ಪುಣ್ಯಾರ್ಥಿಗಳು ಸವೆಸಿದ ಹಾದಿಯಲ್ಲಿ ವಿನೋದಾರ್ಥಿಯು ವಾರವೊಂದು ನಡೆದು ಬಂದರೆ ಅವನನ್ನು ಯಾತ್ರಿಕನೆನ್ನಬಹುದೆ? ಅನ್ನಬಾರದಾದರೆ, ಅವನಲ್ಲಿ ಕಡಮೆಯಾದುದೇನು? ಇದು ಬರಿಯ ಮಾತಿನ ಜಿಜ್ಞಾಸೆಯಲ್ಲ. ಇಟಲಿ ದೇಶದ ಒಂದು ಪ್ರಾಚೀನ ಮಾರ್ಗದಲ್ಲಿ ಈ ಪ್ರಶ್ನೆಯು ಪ್ರತಿವರ್ಷವೂ ಕಾಲ್ನಡಿಗೆಯಲ್ಲಿ ಎದುರಾಗುತ್ತಿದೆ. ಆ ಮಾರ್ಗವನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಆ ಮಾರ್ಗದ ಹೆಸರು ವಿಯಾ ಫ್ರಾಂಚಿಜೆನಾ, ಎಂದರೆ ಫ್ರಾಂಕರ ನಾಡಿನಿಂದ ಬರುವ ದಾರಿ. ೮೭೬ರ ಒಂದು ದಾಖಲೆಯಲ್ಲಿಯೇ ಈ ಹೆಸರು ಕಾಣುವುದು. ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕನು ೯೯೦ರಲ್ಲಿ ಪೋಪ್ ಹದಿನೈದನೆಯ ಜಾನನಿಂದ ತನ್ನ ಪದವಿಯ ಲಾಂಛನವಾದ ಉಣ್ಣೆಯ ಪಟ್ಟಿಯನ್ನು ಪಡೆಯುವುದಕ್ಕಾಗಿ ರೋಮ್ ನಗರಕ್ಕೆ ಹೋದನು. ಹಿಂದಿರುಗುವಾಗ ತಂಗಿದ ಊರುಗಳ ಹೆಸರುಗಳನ್ನು ಆತನ ಪರಿವಾರದವರು ಬರೆದಿಟ್ಟರು. ಸುಮಾರು ಎಂಬತ್ತು ಹೆಸರುಗಳ ಆ ಒಣ ಪಟ್ಟಿಯೇ ಇಂದು ದಾರಿಯನ್ನು ಮತ್ತೆ ಗುರುತಿಸುವವರಿಗೆ ಆಧಾರವಾಗಿದೆ. ಆತನು ಕಂಡ ಬೆಟ್ಟಗಳ ಚೆಲುವಾಗಲಿ, ಪಟ್ಟ ಆಯಾಸವಾಗಲಿ ಅದರಲ್ಲಿ ಒಂದಕ್ಷರವೂ ಇಲ್ಲ. ರಾತ್ರಿ ಎಲ್ಲಿ ನೆಲೆ ದೊರೆಯಿತೆಂಬುದೊಂದೇ ಬರೆದಿಡಲು ಯೋಗ್ಯವಾದ ಸಂಗತಿಯೆಂದು ಅವರು ಭಾವಿಸಿದಂತಿದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಇಟಲಿಯ ಭಾಗದಲ್ಲಿಯೇ ದಾರಿಯ ಉದ್ದವು ಸುಮಾರು ಒಂದು ಸಾವಿರ ಕಿಲೋಮೀಟರು. ೨,೪೬೯ ಮೀಟರು ಎತ್ತರದ ಮಹಾ ಸಂತ ಬರ್ನಾರ್ಡ್ ಕಣಿವೆಯಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಅದು ಆಓಸ್ತಾ ಪ್ರಾಂತಕ್ಕೆ ಇಳಿಯುವುದು. ಪಿಯಾಚೆನ್ಸಾ ನಗರದ ಸಮೀಪದಲ್ಲಿ ದೋಣಿಯಿಂದ ಪೋ ನದಿಯನ್ನು ದಾಟುವುದು. ಚೀಸಾ ಕಣಿವೆಯಲ್ಲಿ ಅಪೆನೈನ್ ಬೆಟ್ಟಗಳನ್ನು ಹತ್ತಿಳಿದು ಲುಕ್ಕಾ, ಸಾನ್ ಜಿಮಿನ್ಯಾನೊ, ಸಿಯೆನಾ ನಗರಗಳನ್ನು ಹಾಯುವುದು. ಅಲ್ಲಿಂದ ರಾಡಿಕೋಫಾನಿಯ ಕೋಟೆಯ ಗುಡ್ಡ, ಬೊಲ್ಸೇನಾ ಸರೋವರ, ವಿಟೆರ್ಬೊ ಪಟ್ಟಣ. ಮೊಂಟೆಫಿಯಾಸ್ಕೋನೆಯಿಂದ ವಿಟೆರ್ಬೊಗೆ ಹೋಗುವಾಗ ಪ್ರಾಚೀನ ರೋಮನರು ಹಾಸಿದ ಕರಿಯ ಕಲ್ಲಿನ ನೆಲಗಟ್ಟು ಇಂದಿಗೂ ಕಾಲಿಗೆ ತಗಲುವುದು. ಕೊನೆಯಲ್ಲಿ ಮೊಂಟೆ ಮಾರಿಯೊ ಎಂಬ ದಿಣ್ಣೆ. ಅಲ್ಲಿಂದ ರೋಮ್ ನಗರವು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತಿದ್ದುದರಿಂದ ಹಿಂದಿನ ಯಾತ್ರಿಕರು ಅದನ್ನು ಆನಂದಗಿರಿಯೆಂದು ಕರೆದರು. ೧೯೯೪ರಲ್ಲಿ ಯೂರೋಪಿನ ಮಂಡಲಿಯು ಈ ದಾರಿಯನ್ನು ಸಾಂಸ್ಕೃತಿಕ ಮಾರ್ಗವೆಂದು ಮಾನ್ಯಮಾಡಿತು. ಅಂದಿನಿಂದ ಗುರುತುಕಂಬಗಳು ನಿಂತವು, ಕೈಪಿಡಿಗಳು ಹೊರಟವು, ಜನ ಬರತೊಡಗಿದರು.

ಹಿಂದಿನ ಯಾತ್ರಿಕನು ಎಂಥವನು? ಹೊರಡುವ ಮೊದಲು ಅವನು ಸಾಲಗಳನ್ನು ತೀರಿಸಬೇಕಾಗಿದ್ದಿತು. ಕೆಡುಕುಮಾಡಿದವರ ಕ್ಷಮೆ ಬೇಡಬೇಕಾಗಿದ್ದಿತು. ಹಿಂದಿರುಗುವುದು ನಿಶ್ಚಯವಲ್ಲವಾದುದರಿಂದ ಮರಣಶಾಸನವನ್ನು ಬರೆದಿಡುವುದು ವಾಡಿಕೆಯಾಗಿದ್ದಿತು. ಆಮೇಲೆ ಗುರುವು ಅವನ ಜೋಳಿಗೆಯನ್ನೂ ಊರುಗೋಲನ್ನೂ ಮಂತ್ರಿಸಿ ಕೊಡುತ್ತಿದ್ದನು. ಅಂದಿನಿಂದ ಅವನು ಎಲ್ಲಿ ಹೋದರೂ ಪರಸ್ಥಳದವನು. ಲ್ಯಾಟಿನ್ ಭಾಷೆಯಲ್ಲಿ ಯಾತ್ರಿಕನೆಂಬ ಅರ್ಥದ ಶಬ್ದಕ್ಕೆ ಪರಕೀಯನೆಂಬುದೇ ಮೂಲಾರ್ಥ. ಮಹಾಕವಿ ಡಾಂಟೆಯು ತನ್ನ 'ವೀಟಾ ನುವೋವಾ' ಗ್ರಂಥದಲ್ಲಿ ಈ ಜನರನ್ನು ಮೂರಾಗಿ ವಿಂಗಡಿಸಿದ್ದಾನೆ. ಕಡಲಾಚೆಯ ಪುಣ್ಯಭೂಮಿಗೆ ಹೋಗುವವರಿಗೆ ಒಂದು ಹೆಸರು, ಸ್ಪೇನಿನ ಸಂತ ಯಾಕೋಬನ ಸಮಾಧಿಗೆ ಹೋಗುವವರಿಗೆ ಇನ್ನೊಂದು, ರೋಮಿಗೆ ಹೋಗುವವರಿಗೆ ಮತ್ತೊಂದು. ೧೩೦೦ರಲ್ಲಿ ಪೋಪ್ ಎಂಟನೆಯ ಬೋನಿಫೇಸನು ಮೊದಲ ಮಹೋತ್ಸವವರ್ಷವನ್ನು ಘೋಷಿಸಿದಾಗ ಈ ಮೂರನೆಯ ವರ್ಗದವರು ರೋಮಿಗೆ ಪ್ರವಾಹದಂತೆ ಬಂದರು.

ಆದರೆ ಹಿಂದಿನವರೆಲ್ಲರೂ ಭಕ್ತಿಯ ಪುತ್ಥಳಿಗಳಾಗಿದ್ದರೆಂದು ಭಾವಿಸುವುದು ಸಲ್ಲದು. ಫ್ಲಾಂಡರ್ಸ್ ಮೊದಲಾದ ಪ್ರಾಂತಗಳ ನ್ಯಾಯಸ್ಥಾನಗಳು ಅಪರಾಧಿಗಳಿಗೆ ದಂಡನೆಯಾಗಿ ಯಾತ್ರೆಯನ್ನು ವಿಧಿಸುತ್ತಿದ್ದವು. ಧನವಂತರು ಮರಣಶಾಸನದಲ್ಲಿ ಹಣವಿಟ್ಟು ತಮ್ಮ ಪರವಾಗಿ ಇನ್ನೊಬ್ಬನನ್ನು ನಡೆಯಿಸುತ್ತಿದ್ದರು. ಕೂಲಿಯವನ ಕಾಲು, ಒಡೆಯನ ಪುಣ್ಯ! ವರ್ತಕರೂ ಕಳ್ಳರೂ ಕುತೂಹಲಿಗಳೂ ಇದೇ ಜೋಳಿಗೆಯನ್ನು ಹೆಗಲಿಗೇರಿಸಿ ಇದೇ ಹಾದಿಯಲ್ಲಿ ನಡೆದರು. ಆದುದರಿಂದ ಹಿಂದಿನವನು ಶುದ್ಧ, ಇಂದಿನವನು ಅಶುದ್ಧ ಎಂಬ ಸುಲಭವಾದ ತೀರ್ಮಾನವು ನಮಗೆ ದೊರೆಯುವಂತಿಲ್ಲ.

ಇನ್ನು ಇಂದಿನವನನ್ನು ನೋಡೋಣ. ಅವನಿಗೆ ಕಚೇರಿಯಿಂದ ಒಂದು ವಾರದ ರಜೆ. ಸಾನ್ ಮಿನಿಯಾಟೊದಿಂದ ಸಿಯೆನಾದವರೆಗೆ ನಾಲ್ಕೈದು ದಿನಗಳ ನಡಿಗೆಯನ್ನು ಆರಿಸಿಕೊಳ್ಳುತ್ತಾನೆ. ದ್ರಾಕ್ಷಿಯ ತೋಟಗಳು, ಆಲಿವ್ ಮರಗಳು, ಸಾನ್ ಜಿಮಿನ್ಯಾನೊದ ಹದಿನಾಲ್ಕು ಗೋಪುರಗಳು, ಮೊಂಟೆರಿಜೋನಿಯ ದುಂಡನೆಯ ಕೋಟೆ, ಇವುಗಳ ನಡುವೆ ದಾರಿ ಸಾಗುವುದು. ಪ್ರತಿ ರಾತ್ರಿಯ ಹಾಸಿಗೆಯೂ ಮೊದಲೇ ಗೊತ್ತಾಗಿದೆ. ಅನೇಕರ ಗಂಟುಮೂಟೆಗಳನ್ನು ಮೋಟಾರುಗಾಡಿಯು ಮುಂದಿನ ತಂಗುದಾಣಕ್ಕೆ ಒಯ್ಯುತ್ತದೆ. ಕೈಯಲ್ಲೊಂದು ಯಾತ್ರಾಪತ್ರ, ಊರೂರಿನಲ್ಲಿ ಅದಕ್ಕೆ ಮುದ್ರೆ. ಕೊನೆಯ ನೂರು ಕಿಲೋಮೀಟರನ್ನಾದರೂ ನಡೆದು ರೋಮನ್ನು ಸೇರಿದವನಿಗೆ ಪ್ರಮಾಣಪತ್ರವೂ ಉಂಟು. ಅವನನ್ನು ಕೇಳಿದರೆ ದೇವರ ಮಾತನ್ನು ಎತ್ತುವನೆಂಬ ನಿಯಮವಿಲ್ಲ. ಮನಸ್ಸು ದಣಿದಿತ್ತು, ನಡೆದರೆ ಹಗುರವಾಗುವುದೆಂದು ಬಂದೆ ಎನ್ನುವನು. ಅಥವಾ ಆಪ್ತರೊಬ್ಬರು ತೀರಿಕೊಂಡರು, ಮನೆಯಲ್ಲಿ ಕುಳಿತಿರಲಾರದೆ ಬಂದೆ ಎನ್ನುವನು.

ಇವನ ಮೇಲೆ ಹೊರಿಸುವ ಮೊದಲನೆಯ ಆಕ್ಷೇಪಣೆಯು ಹೀಗಿದೆ: ಇದು ಯಾತ್ರೆಯ ಆಟವೇ ಹೊರತು ಯಾತ್ರೆಯಲ್ಲ. ಹಣಕೊಟ್ಟು ಕೊಂಡ ಕಷ್ಟವು ಕಷ್ಟವೇ ಅಲ್ಲ. ಬೇಡವೆಂದಾಗ ಬಂಡಿ ಹತ್ತಿ ಮನೆಗೆ ಹೋಗಬಲ್ಲವನ ಕಾಲಿನ ಬೊಬ್ಬೆಗೆ ತಪಸ್ಸೆಂದು ಹೆಸರಿಡುವುದು ನಿಜವಾದ ತಪಸ್ವಿಗಳಿಗೆ ಅಪಚಾರ.

ಈ ಆಕ್ಷೇಪಣೆಯಲ್ಲಿ ಬಲವಿದೆ. ಆದರೆ ಅದು ತಾನೆಣಿಸಿದುದಕ್ಕಿಂತ ದೂರಕ್ಕೆ ಹೋಗುತ್ತದೆ. ಕಷ್ಟಪಟ್ಟ ಮಾತ್ರದಿಂದಲೇ ನಡಿಗೆಗೆ ಬೆಲೆ ಬರುವುದಾದರೆ, ದಂಡನೆಗೆ ಗುರಿಯಾಗಿ ನಡೆದ ಅಪರಾಧಿಯೂ ಕೂಲಿಗೆ ನಡೆದ ಆಳೂ ಭಕ್ತನಿಗಿಂತ ಮೇಲಾದ ಯಾತ್ರಿಕರಾಗಬೇಕು. ಕಷ್ಟವು ಬೆಲೆಯಲ್ಲ, ಹೆಚ್ಚೆಂದರೆ ಬೆಲೆಯುಳ್ಳದ್ದರ ಸಂಗಡ ಬರುವ ಒಂದು ಖರ್ಚು. ಸ್ಥಳವನ್ನು ಬದಲಾಯಿಸಿದರೆ ಮನಸ್ಸು ಬದಲಾಗದೆಂಬ ಮಾತೂ ಹೊಸದಲ್ಲ. ರೋಮಿನ ತತ್ತ್ವಜ್ಞಾನಿ ಸೆನೆಕನು ತನ್ನ ಮಿತ್ರನಾದ ಲೂಸಿಲಿಯಸನಿಗೆ ಬರೆದ ಕಾಗದದಲ್ಲಿ ಇದನ್ನೇ ಬೋಧಿಸಿದನು: ಓಡಿಹೋಗುವವನು ತನ್ನನ್ನೇ ಹೊತ್ತುಕೊಂಡು ಓಡುವುದರಿಂದ ಅವನಿಗೆ ಪ್ರಯಾಣದಿಂದ ಬಿಡುಗಡೆಯಿಲ್ಲವೆಂಬುದು ಆತನ ಅಭಿಪ್ರಾಯ. ನಾಲ್ಕನೆಯ ಶತಮಾನದ ಕ್ರೈಸ್ತಗುರು ನಿಸ್ಸಾದ ಗ್ರೆಗರಿಯು ಸ್ವಧರ್ಮೀಯರಿಗೇ ಎಚ್ಚರಿಕೆ ಕೊಟ್ಟನು: ಒಳಗು ಕಲುಷಿತವಾಗಿದ್ದರೆ ಜೆರುಸಲೇಮಿಗೆ ಹೋಗಿ ನಿಂತರೂ ದೇವರು ಹತ್ತಿರವಾಗುವುದಿಲ್ಲವೆಂದು. ಈ ಟೀಕೆಗಳು ವಿನೋದಾರ್ಥಿಗಳನ್ನು ಕುರಿತವಲ್ಲ, ಪುಣ್ಯಾರ್ಥಿಗಳಿಗೂ ಸಲ್ಲತಕ್ಕವು. ಅಂದಮೇಲೆ ನಂಬಿಕೆಯ ಇರುವಿಕೆಯಿಂದಾಗಲಿ ಕಷ್ಟದ ಪ್ರಮಾಣದಿಂದಾಗಲಿ ನಮ್ಮ ಪ್ರಶ್ನೆ ತೀರುವಂತಿಲ್ಲ.

ಎರಡನೆಯ ಪಕ್ಷವು ನಡೆಯುವವರದೇ. ಅವರು ಹೇಳುವುದೇನೆಂದರೆ: ನಡಿಗೆಯು ಸರಳತೆಯನ್ನು ಕಲಿಸುತ್ತದೆ, ಬೆನ್ನಮೇಲೆ ಹೊರುವಷ್ಟೇ ನಮಗೆ ಬೇಕಾದುದೆಂದು ತಿಳಿಯುತ್ತದೆ, ಅಹಂಕಾರ ಇಳಿಯುತ್ತದೆ. ಇದರಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ದಿನಕ್ಕೆ ಇಪ್ಪತ್ತು ಕಿಲೋಮೀಟರು ನಡೆದವನಿಗೆ ಒಂದು ಚಿಲುಮೆಯ ನೀರು, ಒಂದು ಮರದ ನೆರಳು, ದಾರಿ ತೋರಿದ ಒಬ್ಬ ಮುದುಕಿಯ ಮಾತು, ಇವುಗಳ ಬೆಲೆ ಗೊತ್ತಾಗುವಷ್ಟು ಬಂಡಿಯಲ್ಲಿ ಹೋದವನಿಗೆ ಗೊತ್ತಾಗುವುದಿಲ್ಲ. ಗುಡ್ಡದ ಎತ್ತರವನ್ನು ಉಸಿರಿನಿಂದ ಅಳೆದವನ ಜ್ಞಾನವು ನಕ್ಷೆಯ ಜ್ಞಾನಕ್ಕಿಂತ ಬೇರೆಯಾದುದೇ. ಆದರೆ ಎರಡು ಅಂಗಿಗಳಲ್ಲಿ ವಾರ ಕಳೆದವನು ಬಡತನವನ್ನು ಕಂಡನೆಂದು ಹೇಳಿಕೊಂಡರೆ ಅದು ಅತಿಶಯೋಕ್ತಿ. ಉಳಿದ ಇಪ್ಪತ್ತು ಅಂಗಿಗಳು ಮನೆಯ ಬೀರುವಿನಲ್ಲಿ ಅವನಿಗಾಗಿ ಕಾದಿವೆ. ಉಪವಾಸವ್ರತವನ್ನು ಹಿಡಿದವನಿಗೂ ಅನ್ನವಿಲ್ಲದವನಿಗೂ ಹಸಿವು ಒಂದೇ ಬಗೆಯಾಗಿ ಸುಡಬಹುದು. ಆದರೆ ಒಬ್ಬನಿಗೆ ಪಾರಣೆಯ ಹೊತ್ತು ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ. ನಮ್ರತೆಯ ಪರೀಕ್ಷೆಯಾಗುವುದು ಈ ಗೊತ್ತಿಲ್ಲದಿರುವ ಸ್ಥಿತಿಯಲ್ಲಿಯೇ.

ಎರಡು ಪಕ್ಷಗಳೂ ಒಂದು ದೋಷದಲ್ಲಿ ಸಮಾನವಾಗಿವೆಯೆಂದು ನನಗೆ ತೋರುತ್ತದೆ. ಇಬ್ಬರೂ ನಡೆಯುವವನೊಬ್ಬನನ್ನೇ ನೋಡುತ್ತಾರೆ. ಅವನ ಉದ್ದೇಶವೇನು, ಅವನು ಪಟ್ಟ ಕಷ್ಟವೆಷ್ಟು, ಅವನಿಗೆ ಬಂದ ಫಲವೇನು, ಇಷ್ಟರಲ್ಲಿಯೇ ಚರ್ಚೆಯು ತಿರುಗುವುದು. ಆದರೆ ದಾರಿಯನ್ನು ದಾರಿಯಾಗಿ ಮಾಡಿದವರು ನಡೆಯುವವರು ಮಾತ್ರವೆ? ಸಿಗೆರಿಕನ ಪಟ್ಟಿಯನ್ನು ಈಗ ನೆನೆಯೋಣ. ಅದರಲ್ಲಿರುವುದು ತಂಗಿದ ನೆಲೆಗಳ ಹೆಸರುಗಳು. ಬಾಗಿಲು ತೆರೆದವರಿಲ್ಲದಿದ್ದರೆ ಆ ಪಟ್ಟಿಯಲ್ಲಿ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಲುಕ್ಕಾ ನಗರದಿಂದ ಸ್ವಲ್ಪ ದೂರದಲ್ಲಿ ಆಲ್ಟೊಪಾಷೊ ಎಂಬ ಊರಿದೆ. ಅದರ ಸುತ್ತಲೂ ಹಿಂದೆ ಜವುಗುನೆಲವೂ ದಟ್ಟವಾದ ಕಾಡೂ ಇದ್ದವು. ಅಲ್ಲಿ ಹನ್ನೊಂದನೆಯ ಶತಮಾನದಲ್ಲಿ ಒಂದು ಆಶ್ರಯಗೃಹವು ಹುಟ್ಟಿತು. ಕತ್ತಲಾಗುವ ಹೊತ್ತಿಗೆ ಅಲ್ಲಿಯ ಸೋದರರು ಗಂಟೆಯನ್ನು ಬಾರಿಸುತ್ತಿದ್ದರು. ಕಾಡಿನಲ್ಲಿ ದಿಕ್ಕುತಪ್ಪಿದವರು ಆ ನಾದವನ್ನು ಅನುಸರಿಸಿ ಬಂದು ಸೇರಲಿ ಎಂಬುದು ಅದರ ಉದ್ದೇಶ. ಆ ಗಂಟೆಗೆ 'ದಾರಿ ತಪ್ಪಿದವಳು' ಎಂಬ ಅರ್ಥದ ಹೆಸರು ಬಂದಿದೆ. ಅಲ್ಲಿಯ ಅನ್ನದ ಕಡಾಯಿ ಎಷ್ಟು ದೊಡ್ಡದಾಗಿದ್ದಿತೆಂದರೆ ಕಥೆಗಾರ ಬೊಕಾಚಿಯೊ ತನ್ನ 'ಡೆಕಾಮೆರಾನ್' ಗ್ರಂಥದಲ್ಲಿ ಹಾಸ್ಯಕ್ಕಾಗಿ ಅದರ ಹೆಸರನ್ನು ಎತ್ತುತ್ತಾನೆ. ಸಿಯೆನಾದಲ್ಲಿ ಮಹಾದೇವಾಲಯದ ಎದುರಿಗೇ ಸಾಂತಾ ಮರಿಯಾ ದೆಲ್ಲ ಸ್ಕಾಲಾ ಎಂಬ ಧರ್ಮಶಾಲೆ. ಯಾತ್ರಿಕರಿಗೆ ಹಾಸಿಗೆ, ರೋಗಿಗಳಿಗೆ ಶುಶ್ರೂಷೆ, ತೊರೆದ ಕೂಸುಗಳಿಗೆ ಪೋಷಣೆ, ಮೂರೂ ಅಲ್ಲಿ ನಡೆಯುತ್ತಿದ್ದವು. ೧೪೪೦ರ ದಶಕದಲ್ಲಿ ಅದರ ದೊಡ್ಡ ಅಂಗಣದ ಗೋಡೆಗಳ ಮೇಲೆ ಬರೆಯಿಸಿದ ಚಿತ್ರಗಳಲ್ಲಿ ಈ ಕಾರ್ಯಗಳನ್ನೇ ಕಾಣಬಹುದು. ಬೆತ್ತಲೆಯಾದವನಿಗೆ ಬಟ್ಟೆ ಕೊಡುವುದು, ಗಾಯ ತೊಳೆಯುವುದು, ಅನಾಥಳಾಗಿ ಬೆಳೆದ ಹುಡುಗಿಗೆ ಮದುವೆ ಮಾಡುವುದು. ಮಹಾ ಸಂತ ಬರ್ನಾರ್ಡ್ ಕಣಿವೆಯ ತುದಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಸ್ಥಾಪಿತವಾದ ಮಠದ ಆಶ್ರಯಗೃಹವು ಹಿಮಗಾಲದಲ್ಲಿಯೂ ಬಾಗಿಲು ಮುಚ್ಚದೆ ಇಂದಿನವರೆಗೂ ನಡೆದುಬಂದಿದೆ.

ಇಟಲಿಯಲ್ಲಿಯೇ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠಗಳಿಗೆ ಬರೆದ ನಿಯಮಗಳಲ್ಲಿ ಅತಿಥಿಸತ್ಕಾರಕ್ಕೆ ಒಂದು ಅಧ್ಯಾಯವೇ ಮೀಸಲು. ಬಂದವನ ಕೈಗೆ ಮಠಾಧಿಪತಿಯೇ ನೀರೆರೆಯಬೇಕು, ಕಾಲನ್ನು ತೊಳೆಯಬೇಕು. ಬಡವರನ್ನೂ ಯಾತ್ರಿಕರನ್ನೂ ವಿಶೇಷವಾಗಿ ಆದರಿಸಬೇಕೆಂದು ವಿಧಿಸಿ ಆತನು ಕೊಟ್ಟ ಕಾರಣವು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವನ ಕಾರಣ: ಧನಿಕರಿಗೆ ಮರ್ಯಾದೆಯು ಅವರ ಮೇಲಣ ಭಯದಿಂದ ತಾನಾಗಿಯೇ ಸಲ್ಲುತ್ತದೆ, ಅದಕ್ಕೆ ನಿಯಮ ಬೇಕಿಲ್ಲ. ಲ್ಯಾಟಿನಿನಲ್ಲಿ ಆತಿಥೇಯನಿಗೂ ಅತಿಥಿಗೂ ಒಂದೇ ಶಬ್ದ. ಇಂದಿನ ಇಟಾಲಿಯನ್ ಭಾಷೆಯಲ್ಲಿಯೂ ಹಾಗೆಯೇ. ಆ ಧಾತುವಿನಿಂದಲೇ ಪರದೇಶಿಗಳಿಗೆ ನೆಲೆಕೊಡುವ ಮನೆಯ ಹೆಸರು ಹುಟ್ಟಿ, ಅದೇ ರೋಗಿಗಳ ಮನೆಯ ಹೆಸರಾಗಿ, ದೂರದ ಹಾದಿ ನಡೆದು ನಮ್ಮ ನುಡಿಯಲ್ಲಿ 'ಆಸ್ಪತ್ರೆ'ಯಾಗಿ ನಿಂತಿದೆ. ನಾವು ದಿನವೂ ಆಡುವ ಆ ಮಾತಿನಲ್ಲಿ ಅಪರಿಚಿತನಿಗೆ ತೆರೆದ ಒಂದು ಬಾಗಿಲಿನ ನೆನಪು ಅಡಗಿದೆ.

ಹೀಗೆ ನೋಡಿದರೆ ಯಾತ್ರಾಮಾರ್ಗವೆಂಬುದು ನೆಲದ ಮೇಲಣ ಗೆರೆಯಲ್ಲ, ಒಂದು ಋಣದ ಏರ್ಪಾಡು. ಒಬ್ಬನು ಅಪರಿಚಿತನಾಗಿ ಬರಲು ಒಪ್ಪಿದನು, ಇನ್ನೊಬ್ಬನು ಅಪರಿಚಿತನನ್ನು ಒಳಗೆ ಕರೆಯಲು ಒಪ್ಪಿದನು. ಪುಣ್ಯವು ಕಾಲಿನಲ್ಲಿ ಎಷ್ಟಿದ್ದಿತೋ ಬಾಗಿಲಿನಲ್ಲಿಯೂ ಅಷ್ಟೇ ಇದ್ದಿತು. ಆದುದರಿಂದ ಇಂದಿನ ನಡಿಗೆಯವನನ್ನು ಕೇಳತಕ್ಕ ಪ್ರಶ್ನೆಯು 'ನೀನು ನಂಬುವೆಯೋ?' ಎಂಬುದಲ್ಲ, 'ನೀನು ಬಳಲಿದೆಯೋ?' ಎಂಬುದೂ ಅಲ್ಲ. 'ನಿನ್ನ ಪಾಲಿನ ಋಣವನ್ನು ಎಲ್ಲಿ ತೀರಿಸುವೆ?' ಎಂಬುದೇ ಆ ಪ್ರಶ್ನೆ.

'ಹಣ ಕೊಟ್ಟಿದ್ದೇನೆ, ತೀರಿತಲ್ಲ!' ಎಂದು ಅವನು ಹೇಳಬಹುದು. ಈ ಉತ್ತರವನ್ನು ಹಾಸ್ಯಮಾಡಬಾರದು. ಬೆಟ್ಟಗಳ ನಡುವಣ ಎಷ್ಟೋ ಹಳ್ಳಿಗಳಿಂದ ಯುವಕರು ಪಟ್ಟಣಗಳಿಗೆ ಹೊರಟುಹೋಗಿದ್ದಾರೆ. ಉಳಿದ ನಾಲ್ಕು ಮನೆಯವರಿಗೆ ನಡೆಯುವವರು ಕೊಡುವ ಬಾಡಿಗೆಯೂ ಊಟದ ಹಣವೂ ಜೀವನೋಪಾಯ. ನ್ಯಾಯವಾಗಿ ಮಾರುವುದರಲ್ಲಿಯೂ ಕೊಳ್ಳುವುದರಲ್ಲಿಯೂ ಅಧರ್ಮವಿಲ್ಲ. ಆದರೆ ಕ್ರಯವು ಹಾಸಿಗೆಯ ಲೆಕ್ಕವನ್ನು ತೀರಿಸುತ್ತದೆಯೇ ಹೊರತು ದಾರಿಯ ಲೆಕ್ಕವನ್ನು ತೀರಿಸುವುದಿಲ್ಲ. ಆ ದಾರಿಗೆ ಬಂದ ಹೆಸರು, ಅದರ ಮೇಲಣ ಗೌರವ, ಹಳ್ಳಿಯವರು ನಡೆಯುವವನನ್ನು ಕಂಡು ನೀಡುವ ನಗೆ, ಇವು ಯಾವುವನ್ನೂ ಅವನು ಕೊಂಡಿಲ್ಲ. ಇವು ಹಿಂದಿನವರು ಬಿಟ್ಟುಹೋದ ಆಸ್ತಿ. ಇನ್ನೂ ಕೆಲವು ಚರ್ಚಿನ ಮನೆಗಳಲ್ಲಿ ಬೆಲೆ ಹೇಳುವ ಪದ್ಧತಿಯಿಲ್ಲ. ಶಕ್ತ್ಯನುಸಾರ ಪೆಟ್ಟಿಗೆಯಲ್ಲಿ ಹಾಕಿದರಾಯಿತು. ರಾಡಿಕೋಫಾನಿಯ ಆಶ್ರಯಗೃಹದಲ್ಲಿ ಬಂದವರ ಕಾಲು ತೊಳೆಯುವ ಹಳೆಯ ಪದ್ಧತಿಯನ್ನು ಮತ್ತೆ ನಡೆಯಿಸಿದ್ದಾರೆ. ಹಣಕೊಟ್ಟು ಸೇವೆ ಪಡೆಯುವುದು ರೂಢಿಯಾದವನಿಗೆ ಅಪರಿಚಿತನ ಕೈಗೆ ತನ್ನ ಕಾಲನ್ನು ಒಪ್ಪಿಸುವುದು ಎಷ್ಟು ಸಂಕೋಚದ ಸಂಗತಿಯೆಂಬುದನ್ನು ಊಹಿಸಬಹುದು. ಕೊಡುವುದಕ್ಕಿಂತ ಪಡೆಯುವುದು ಕೆಲವು ವೇಳೆ ಕಠಿಣ. ಆ ಸಂಕೋಚವನ್ನು ಒಮ್ಮೆ ಅನುಭವಿಸಿದವನು ಬೇಡುವವನ ಮುಖವನ್ನು ಮುಂದೆ ಬೇರೆ ಕಣ್ಣಿನಿಂದ ನೋಡಿಯಾನು.

ಈ ಮಾತು ಬರಿಯ ಭಾವುಕತೆಯಾಗದಂತೆ ತಡೆಯುವ ಒಂದು ಸಂಗತಿಯು ಅದೇ ದಾರಿಯ ಮೇಲೆಯೇ ಇದೆ. ಫ್ರಾಂಚಿಜೆನಾದ ಒಂದು ಕವಲು ಪಶ್ಚಿಮದಲ್ಲಿ ಸೂಸಾ ಕಣಿವೆಯನ್ನು ಹಿಡಿದು ಮೊಂಜೆನೆವ್ರ್ ಘಟ್ಟದಲ್ಲಿ ಫ್ರಾನ್ಸನ್ನು ಸೇರುವುದು. ಘಟ್ಟದ ಎತ್ತರ ಸುಮಾರು ೧,೮೫೦ ಮೀಟರು. ೨೦೧೭ರಿಂದೀಚೆಗೆ ಆಫ್ರಿಕಾ ಖಂಡದಿಂದಲೂ ಅಫ್ಘಾನಿಸ್ತಾನ ಮೊದಲಾದ ದೇಶಗಳಿಂದಲೂ ಬಂದ ಸಾವಿರಾರು ಜನ ನಿರಾಶ್ರಿತರು ಆ ಭಾಗದಲ್ಲಿ, ಹಿಮದಲ್ಲಿಯೂ ರಾತ್ರಿಯಲ್ಲಿಯೂ, ಕಾಲ್ನಡಿಗೆಯಿಂದ ಗಡಿಯನ್ನು ದಾಟಲು ಯತ್ನಿಸಿದ್ದಾರೆ. ಕೆಲವರು ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಒಂದೇ ಬೆಟ್ಟ, ಒಂದೇ ಹಿಮ. ಒಬ್ಬನ ಕೈಯಲ್ಲಿ ಊರೂರಿನ ಮುದ್ರೆ ಬಿದ್ದ ಯಾತ್ರಾಪತ್ರ, ಇನ್ನೊಬ್ಬನ ಕೈಯಲ್ಲಿ ಯಾವ ಪತ್ರವೂ ಇಲ್ಲ. ಒಬ್ಬನು ಪರಕೀಯನಾಗುವ ಅನುಭವವನ್ನು ವಾರದ ಮಟ್ಟಿಗೆ ಬಯಸಿ ಬಂದವನು, ಇನ್ನೊಬ್ಬನಿಗೆ ಅದು ಬಯಸದೆ ಬಂದ ಪಾಡು. ಯಾತ್ರಿಕನೆಂಬ ಶಬ್ದದ ಮೂಲಾರ್ಥವು ಇವರಲ್ಲಿ ಯಾರಿಗೆ ಹೆಚ್ಚು ಒಪ್ಪುವುದೆಂದು ಹೇಳಬೇಕೆ?

ಗಡಿಯ ಕಾಯಿದೆಯು ರಾಜ್ಯಕ್ಕೆ ಸೇರಿದುದು, ರಜೆಗೆ ಬಂದ ನಡಿಗೆಯವನೇನು ಮಾಡಬಲ್ಲನು ಎಂದು ಕೇಳುವವರುಂಟು. ಯಾರನ್ನು ಒಳಗೆ ಬಿಡಬೇಕು, ಎಷ್ಟು ಜನರನ್ನು ಬಿಡಬೇಕೆಂಬುದನ್ನು ದಾರಿಹೋಕನು ತೀರ್ಮಾನಿಸಲಾರನು, ನಿಜ. ಆದರೆ ಚಳಿಯಲ್ಲಿ ನಡುಗುವವನಿಗೆ ಬಿಸಿಯಾದ ಗಂಜಿಯನ್ನೂ ಒಣಗಿದ ಪಾದರಕ್ಷೆಯನ್ನೂ ಕೊಡುವುದಕ್ಕೆ ಆ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ. ಕಾಯಿದೆಯೂ ಇದನ್ನು ಸ್ವಲ್ಪಮಟ್ಟಿಗೆ ಒಪ್ಪಿದೆ. ೨೦೧೮ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಸಂವಿಧಾನ ಮಂಡಲಿಯು ಭ್ರಾತೃತ್ವವು ಸಂವಿಧಾನದ ತತ್ತ್ವವೆಂದು ಸಾರಿ, ದೇಶದೊಳಗಿರುವವನಿಗೆ ನಿಸ್ವಾರ್ಥವಾಗಿ ಮಾಡಿದ ಮಾನವೀಯ ಸಹಾಯವನ್ನು ದಂಡಿಸಲಾಗದೆಂದು ತೀರ್ಪುಕೊಟ್ಟಿತು. ಗಡಿಯನ್ನು ದಾಟಿಸುವುದು ಮಾತ್ರ ಅಪರಾಧವಾಗಿಯೇ ಉಳಿಯಿತು. ಆ ಕಣಿವೆಯ ಊಲ್ಕ್ಸ್ ಎಂಬ ಊರಿನಲ್ಲಿ ಇಂಥ ದಾರಿಹೋಕರಿಗೆ ಒಂದು ಆಶ್ರಯಗೃಹ ತೆರೆಯಿತು. ಘಟ್ಟದಾಚೆ ಫ್ರಾನ್ಸಿನ ಬ್ರಿಯಾನ್ಸೋನಿನಲ್ಲಿಯೂ ಊರವರು ಅಂಥದನ್ನೇ ಕಟ್ಟಿದರು. ಆಲ್ಟೊಪಾಷೊದ ಗಂಟೆ ನಿಜವಾಗಿ ಬಾರಿಸುತ್ತಿರುವುದು ಇಲ್ಲಿ ಎಂದರೆ ತಪ್ಪಾಗಲಾರದು.

ಇಷ್ಟರಿಂದ ಹೊರಡುವ ಸಿದ್ಧಾಂತವೇನು? ರಜೆಗಾಗಿ ನಡೆಯುವವನನ್ನು ಕಪಟಿಯೆಂದು ಜರೆಯುವುದು ಅನ್ಯಾಯ. ಹಳೆಯ ದಾರಿಗಳು ಹುಲ್ಲು ಬೆಳೆದು ಮುಚ್ಚಿಹೋಗುವುದಕ್ಕಿಂತ ಯಾವ ಕಾರಣಕ್ಕಾದರೂ ನಾಲ್ಕು ಜನ ನಡೆಯುವುದು ಲೇಸು. ದುಃಖಿತನಾದವನು ಹತ್ತು ದಿನ ನಡೆದು ನಿದ್ರೆಯನ್ನು ಮರಳಿ ಪಡೆದರೆ ಅದೇನು ಸಣ್ಣ ಲಾಭವಲ್ಲ. ಆದರೆ ಯಾತ್ರಿಕನೆಂಬ ಹೆಸರು ನಡೆದು ಮುಗಿಸಿದ ದಿನವೇ ದೊರೆಯುವಂಥದಲ್ಲ, ಪ್ರಮಾಣಪತ್ರದಿಂದಂತೂ ದೊರೆಯದು. ಹಿಂದಿನವನು ಸಾಲ ತೀರಿಸಿ ಹೊರಡುತ್ತಿದ್ದನು. ಇಂದಿನವನಿಗೆ ಕ್ರಮವು ತಿರುಗುಮುರುಗಾಗಿದೆ: ಅವನು ಸಾಲ ಮಾಡಿಕೊಂಡು ಹಿಂದಿರುಗುತ್ತಾನೆ. ಅಪರಿಚಿತನಾಗಿ ಹೋಗಿ ನೀರು, ನೆರಳು, ದಾರಿ, ನಗೆ ಇವನ್ನು ಪಡೆದ ಸಾಲ ಅದು. ಅದನ್ನು ಕೊಟ್ಟವರಿಗೆ ಹಿಂದಕ್ಕೆ ಕೊಡುವಂತಿಲ್ಲ, ಅವರ ಹೆಸರೂ ಅವನಿಗೆ ತಿಳಿಯದು. ತನ್ನ ಊರಿನಲ್ಲಿ, ತನ್ನ ಬಾಗಿಲಿಗೆ ಬಂದ ಬೇರೊಬ್ಬ ಅಪರಿಚಿತನಿಗೆ ಮಾತ್ರವೇ ಅದನ್ನು ತೀರಿಸಲು ಸಾಧ್ಯ.

ಹಾಗೆ ತೀರಿಸಿದವನು ದೇವರನ್ನು ನಂಬದಿದ್ದರೂ, ಗಂಟನ್ನು ಗಾಡಿಯಲ್ಲಿ ಕಳುಹಿಸಿ ನಡೆದಿದ್ದರೂ, ಯಾತ್ರಿಕನೇ. ತೀರಿಸದವನು ರೋಮಿನವರೆಗೆ ಬರಿಗಾಲಿನಲ್ಲಿ ನಡೆದಿದ್ದರೂ ದೂರವನ್ನು ಕ್ರಮಿಸಿದವನು ಮಾತ್ರ. ಈ ಅಳತೆಯು ಇಟಲಿಯ ದಾರಿಗೆ ಮಾತ್ರ ಸಲ್ಲುವುದೆಂದು ನಾನು ಭಾವಿಸುವುದಿಲ್ಲ. ಎಲ್ಲಿಗೂ ಹೋಗದೆ ಮನೆಯಲ್ಲಿಯೇ ಇರುವ ನಮ್ಮಂಥವರ ಬಾಗಿಲನ್ನೂ ಒಂದಲ್ಲ ಒಂದು ಸಂಜೆ ಯಾರಾದರೂ ತಟ್ಟುವರು. ಆಗ ಎದ್ದು ಹೋಗಿ ಬಾಗಿಲು ತೆಗೆಯುವುದು ನಾಲ್ಕೇ ಹೆಜ್ಜೆಯ ಕೆಲಸ. ಆದರೆ ಆ ನಾಲ್ಕು ಹೆಜ್ಜೆಗಳನ್ನು ಇಡಲು ಎಷ್ಟು ಮಂದಿ ಸಿದ್ಧರಿದ್ದೇವೆಂಬುದನ್ನು ವಾಚಕರು ತಮ್ಮತಮ್ಮಲ್ಲಿಯೇ ವಿಚಾರಿಸಿಕೊಳ್ಳಬೇಕು.